ಒಂದೇ ಬ್ರಿಡ್ಜ್‌ನಲ್ಲಿ ಎರಡು ಟನೆಲ್: ಎಆರ್‌ಪಿ ಪ್ಯಾಕೆಟ್ ತಪ್ಪು ಕಡೆ ಹೋಗುತ್ತಿದೆ

ಸರಸ್ವತಿಪುರಂ_ನೆಟ್
ಲಿನಕ್ಸ್‌ಗೆ ಚಿಕ್ಕ ಟನೆಲ್ ಡ್ರೈವರ್ (ಪ್ಯಾಕೆಟ್‌ನ ಮುಂದೆ ಹೊರಗಿನ ಹೆಡರ್ ಸೇರಿಸಿ ದೂರದ ಮಷಿನ್‌ಗೆ ಕಳಿಸುವುದು) ಬರೆಯುತ್ತಿದ್ದೇನೆ. ಮೈಸೂರಿನ ನಮ್ಮ ಲ್ಯಾಬ್ ಸರ್ವರ್‌ನಿಂದ ಎರಡು ಟನೆಲ್: ಒಂದು ಮಂಡ್ಯದ ಮಷಿನ್‌ಗೆ, ಇನ್ನೊಂದು ಹೆಬ್ಬಾಳದ ಆಫೀಸಿಗೆ. ಎರಡೂ ಒಂದೇ ಬ್ರಿಡ್ಜ್‌ನಲ್ಲಿವೆ (ಸಾಫ್ಟ್‌ವೇರ್ ಸ್ವಿಚ್). ಹೊರಗಿನ ಐಪಿಗೆ 20, ಯುಡಿಪಿಗೆ 8, ನನ್ನದೇ ಹೆಡರ್‌ಗೆ 8, ಒಟ್ಟು 36 ಬೈಟ್ ಬೇಕು. ನೀಡೆಡ್_ಹೆಡ್‌ರೂಮ್ (ಪ್ಯಾಕೆಟ್‌ನ ಮುಂದೆ ಬಿಡಬೇಕಾದ ಖಾಲಿ ಜಾಗ) 64 ಇಟ್ಟಿದ್ದೇನೆ, ಕಳಿಸುವಾಗ ಆ ಜಾಗದಲ್ಲಿ ಹೆಡರ್ ಹಾಕಲು ಎಸ್‌ಕೆಬಿ (ಕರ್ನಲ್‌ನಲ್ಲಿ ಪ್ಯಾಕೆಟ್ ಹಿಡಿದಿಡುವ ರಚನೆ) ಮೇಲೆ ನೇರ ಎಸ್‌ಕೆಬಿ_ಪುಶ್ ಮಾಡುತ್ತೇನೆ. ಮಾಮೂಲಿ ಟ್ರಾಫಿಕ್‌ಗೆ ಏನೂ ತೊಂದರೆ ಇಲ್ಲ. ಆದರೆ ಎಆರ್‌ಪಿ ಬ್ರಾಡ್‌ಕಾಸ್ಟ್ (ಈ ಐಪಿ ಯಾರದ್ದು ಅಂತ ಎಲ್ಲರನ್ನೂ ಕೇಳುವ ಪ್ಯಾಕೆಟ್) ಮಾತ್ರ ಎಷ್ಟೋ ಸಲ ಮಂಡ್ಯಕ್ಕೆ ತಲುಪುವುದೇ ಇಲ್ಲ, ಹೆಬ್ಬಾಳಕ್ಕೆ ಎರಡೆರಡು ಬರುತ್ತದೆ. ಜಾಗ ಸಾಕಷ್ಟಿದೆ ಅಲ್ವಾ, ಮತ್ತೆ ಯಾಕೆ ಹೀಗೆ?

ಕಾವೇರಿ_ಕರ್ನಲ್
ಜಾಗ ಇದೆ ಸರ್, ಆದರೆ ಅದು ನಿಮ್ಮೊಬ್ಬರದ್ದಲ್ಲ. ಬ್ರಾಡ್‌ಕಾಸ್ಟ್ ಬಂದಾಗ ಬ್ರಿಡ್ಜ್ ಎಲ್ಲ ಪೋರ್ಟಿಗೂ ಕಳಿಸಬೇಕಲ್ಲ, ಅದಕ್ಕೆ ಎಸ್‌ಕೆಬಿ_ಕ್ಲೋನ್ ಮಾಡುತ್ತದೆ. ಕ್ಲೋನ್‌ನಲ್ಲಿ ಎಸ್‌ಕೆಬಿ ಬೇರೆ, ಒಳಗಿನ ಡೇಟಾ ಒಂದೇ, ಮುಂದಿನ ಖಾಲಿ ಜಾಗವೂ ಒಂದೇ. ಮೊದಲ ಟನೆಲ್ ಮಂಡ್ಯದ ಐಪಿ ಬರೆಯಿತು. ಆ ಪ್ಯಾಕೆಟ್ ಇನ್ನೂ ಕಾರ್ಡಿನ ಕ್ಯೂನಲ್ಲಿ ಕೂತಿರುವಾಗಲೇ ಎರಡನೆಯದು ಅದೇ ಬೈಟ್‌ಗಳ ಮೇಲೆ ಹೆಬ್ಬಾಳದ ಐಪಿ ಬರೆಯಿತು. ಎರಡೂ ಅಲ್ಲಿಗೇ ಹೋದವು.

ಇನ್ನೊಂದು ವಿಷಯ. ನೀಡೆಡ್_ಹೆಡ್‌ರೂಮ್ ಬರೀ ಕೋರಿಕೆ, ಗ್ಯಾರಂಟಿ ಅಲ್ಲ. ಮೈಸೂರಿನಲ್ಲೇ ಹೊರಡುವ ಬಸ್ಸಲ್ಲಿ ಮುಂದಿನ ಸೀಟು ಬಿಡಿಸಿಕೊಳ್ಳಬಹುದು, ಮಡಿಕೇರಿಯಿಂದ ಬರುವ ಬಸ್ಸು ಹೇಗೆ ತುಂಬಿಕೊಂಡು ಬಂದಿದೆಯೋ ಹಾಗೆ. ಬೇರೆ ಇಂಟರ್‌ಫೇಸ್‌ನಿಂದ ಟಿಸಿ ಮಿರೆಡ್ (ಪ್ಯಾಕೆಟ್ ತಿರುಗಿಸುವ ಲಿನಕ್ಸ್ ಸೌಲಭ್ಯ) ಮೂಲಕ ನಿಮ್ಮ ಕಡೆ ತಿರುಗಿಸಿದ ಪ್ಯಾಕೆಟ್‌ನಲ್ಲಿ ಜಾಗ ಕಡಿಮೆ ಇದ್ದರೆ ಎಸ್‌ಕೆಬಿ_ಅಂಡರ್_ಪ್ಯಾನಿಕ್ ಆಗಿ ಮಷಿನ್ನೇ ಬೀಳುತ್ತದೆ.

ಎರಡಕ್ಕೂ ಒಂದೇ ಮದ್ದು, ಪುಶ್‌ಗೆ ಮೊದಲು ಎಸ್‌ಕೆಬಿ_ಕೌ_ಹೆಡ್. ಜಾಗ ಸಾಲದಿದ್ದರೂ, ಹೆಡರ್ ಹಂಚಿಕೆಯಾಗಿದ್ದರೂ ಅದು ಹೊಸ ಬಫರ್ ಮಾಡಿಕೊಡುತ್ತದೆ. ಕರ್ನಲ್‌ನ ವಿಎಕ್ಸ್‌ಲ್ಯಾನ್ ಟನೆಲ್ ಡ್ರೈವರ್ ಕೂಡ ಇದನ್ನೇ ಕರೆಯುತ್ತದೆ.

ಸರಸ್ವತಿಪುರಂ_ನೆಟ್
ಈಗ ಅರ್ಥವಾಯಿತು ಸರ್. ಪ್ರತಿ ಪ್ಯಾಕೆಟ್‌ಗೂ ಕರೆದರೆ ಕಾಪಿ ಜಾಸ್ತಿ ಆಗಿ ಸ್ಪೀಡ್ ಬೀಳುವುದಿಲ್ವಾ?

ಮಂಡ್ಯ_ಪ್ಯಾಕೆಟ್
ಇಲ್ಲ. ಜಾಗ ಇದ್ದು ಹೆಡರ್ ಹಂಚಿಕೆಯಾಗಿಲ್ಲದಿದ್ದರೆ ಸುಮ್ನೆ ಚೆಕ್ ಮಾಡಿ ವಾಪಸ್ ಬರುತ್ತದೆ ಅಷ್ಟೇ. ಕಾಪಿ ಮಾಡಬೇಕಾದಾಗಲೂ ಮುಂದಿನ ಲೀನಿಯರ್ ಭಾಗ (ಹೆಡರ್ ಇರುವ ಮೊದಲ ಬಫರ್) ಮಾತ್ರ, ಉಳಿದ ಡೇಟಾ ಇರುವ ಫ್ರ್ಯಾಗ್ ಪೇಜ್‌ಗಳು ಇದ್ದಲ್ಲೇ ಇರುತ್ತವೆ. ಹಾಗಂತ ನೀಡೆಡ್_ಹೆಡ್‌ರೂಮ್ ತೆಗೆಯಬೇಡಿ, ಅದು ಇದ್ದರೇ ಕಾಪಿ ಅಪರೂಪವಾಗುವುದು.

ಜನ ಜಾಸ್ತಿ ಎಡವುವುದು ಇಲ್ಲಿ: ಕೌ_ಹೆಡ್‌ಗೆ ಮೊದಲೇ ಐಪಿ_ಹೆಡರ್ ಪಾಯಿಂಟರ್ ತೆಗೆದಿಟ್ಟುಕೊಂಡು ಆಮೇಲೆ ಅದನ್ನೇ ಬಳಸುತ್ತಾರೆ. ಬಫರ್ ಬದಲಾಗಿದ್ದರೆ ಆ ಪಾಯಿಂಟರ್ ಹಳೆಯ ಮೆಮೊರಿ ಕಡೆ ನೋಡುತ್ತಿರುತ್ತದೆ. ಟೆಸ್ಟ್‌ನಲ್ಲಿ ಸಿಗುವುದಿಲ್ಲ, ಲೋಡ್ ಬಂದಾಗ ಕೈಕೊಡುತ್ತದೆ. ಅದಕ್ಕೆ ಕರೆದ ಮೇಲೇ ಪಾಯಿಂಟರ್ ತೆಗೆಯಿರಿ. ಕರೆ ಫೇಲ್ ಆದರೆ ಎಸ್‌ಕೆಬಿ ನಿಮ್ಮ ಕೈಯಲ್ಲೇ ಇರುತ್ತದೆ, ಅದನ್ನು ಫ್ರೀ ಮಾಡಿ, ಟಿಎಕ್ಸ್_ಡ್ರಾಪ್ಡ್ ಎಣಿಕೆ ಒಂದು ಏರಿಸಿ, ನೆಟ್‌ಡೆವ್_ಟಿಎಕ್ಸ್_ಓಕೆ ವಾಪಸ್ ಕೊಡಿ. ನೆಟ್‌ಡೆವ್_ಟಿಎಕ್ಸ್_ಬಿಸಿ ಅಂತ ಕೊಟ್ಟರೆ ಫ್ರೀ ಆದ ಪ್ಯಾಕೆಟ್ಟನ್ನೇ ಕರ್ನಲ್ ಮತ್ತೆ ಬಳಸಲು ಹೋಗುತ್ತದೆ.