ಗೋಬಿ ತಿನ್ನೋದು ಯಾರ ಮಕ್ಕಳು? ನಮ್ಮ ಮನೆತನದ ಗುಂಪಿನಲ್ಲಿ ಭಾನುವಾರದ ಚರ್ಚೆ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಶ್ರೀಮಂತರ ಮಕ್ಕಳು ಪಿಜ್ಜಾ ತಿಂದು ರೋಗಿಷ್ಠರಾಗುತ್ತಿದ್ದಾರೆ, ಬಡವರ ಮಕ್ಕಳು ಮುದ್ದೆ ಉಂಡು ಗಟ್ಟಿಯಾಗಿದ್ದಾರೆ! ಕಣ್ಣು ತೆರೆಸುವ ಸಂಶೋಧನೆ. ಎಲ್ಲರೂ ಓದಿ 🙏

ಸುಧಾ ಅತ್ತೆ: ನೂರಕ್ಕೆ ನೂರು ನಿಜ ಭಾವ. ಕೇಳಿದ್ದೆಲ್ಲ ಕೊಡಿಸೋ ಅಪ್ಪ ಅಮ್ಮಂದಿರನ್ನ ಮೊದಲು ಕೇಳಬೇಕು.

ಕಿರಣ: ಯಾರ ಸಂಶೋಧನೆ ದೊಡ್ಡಪ್ಪ? ಯಾವ ವರ್ಷದ್ದು? ಎಷ್ಟು ಮಕ್ಕಳನ್ನ ಕೇಳಿದ್ರು?

ದೊಡ್ಡಪ್ಪ: ನಿಂದು ಇದೇ ಆಯ್ತು. ಗೃಹಪ್ರವೇಶದ ದಿನ ಪುರೋಹಿತರನ್ನೂ ಹೀಗೇ ಕೇಳಿದ್ದೆ.

ಶ್ವೇತಾ: ದೊಡ್ಡಪ್ಪ, "ಗಟ್ಟಿಯಾಗಿದ್ದಾರೆ" ಅನ್ನೋದೇ ತಪ್ಪು. 2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೇಲಿ 10ರಿಂದ 19 ವರ್ಷದವರಲ್ಲಿ ಶೇ. 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ಸಣಕಲು, ಶೇ. 5 ಮಂದಿಗೆ ಅತಿ ತೂಕ. ಪಿಜ್ಜಾ ಬಿಲ್ಲಲ್ಲಿ ಕಾಣುತ್ತೆ. ಕೈಲಿ ಹತ್ತು ರೂಪಾಯಿ ಇರೋ ಹುಡುಗ ತಿನ್ನೋ 5 ರೂಪಾಯಿ ಚಿಪ್ಸನ್ನ ಯಾರೂ ಫಾಸ್ಟ್ ಫುಡ್ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಇನ್ನು ಎಷ್ಟೋ ಊರಲ್ಲಿ ಹುಡುಗೀರು ಸಂಜೆ ತಿಂಡಿ ಗಾಡಿ ಮುಂದೆ ನಿಲ್ಲೋ ಹಾಗಿಲ್ಲ, ಪ್ಯಾಕೆಟ್ ತಗೊಂಡು ಮನೆಗೆ ಬರ್ತಾರೆ. "ಗಾಡಿ ಹತ್ರ ತಿಂತೀಯಾ?" ಅಂತಷ್ಟೇ ಕೇಳಿದ್ರೆ ಅವರು ತಿನ್ನೋದೇ ಇಲ್ಲ ಅಂತ ಉತ್ತರ ಬರುತ್ತೆ.

ಮಂಜಣ್ಣ: ಮೇಷ್ಟ್ರಾಗಿ ಒಂದು ಮಾತು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಬಿಸಿಯೂಟ ಇರೋದು 10ನೇ ಕ್ಲಾಸಿನ ತನಕ. ಪಿಯುಸಿಗೆ ಬಂದ ದಿನ ಅದು ನಿಲ್ಲುತ್ತೆ. ಬೆಳಗಿನ ಮೊದಲ ಬಸ್ಸಿಗೆ ಹೊರಟ ಹಳ್ಳಿ ಹುಡುಗನಿಗೆ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಎಗ್‌ರೈಸೇ ಊಟ. ಚಪಲ ಅಲ್ಲ ಅದು, ಹಸಿವು.

ಸುಧಾ ಅತ್ತೆ: ಡಬ್ಬಿ ಕಟ್ಟಿಕೊಡೋಕೆ ಏನು ಕಷ್ಟ?

ಮಂಜಣ್ಣ: ಆರು ಗಂಟೆಗೇ ಕೂಲಿಗೆ ಹೋಗೋ ತಾಯಿಗೆ ಈ ಮಾತು ಹೇಳಬೇಡಿ ಅಕ್ಕ.

ರಮೇಶ: ಸ್ಕೂಲ್ ಗೇಟಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಬೆಟ್ಟದ ನೆಲ್ಲಿಕಾಯಿ, ಸೀಬೆಕಾಯಿ ಮಾರ್ತಿದ್ರಲ್ಲ! ನಾಲ್ಕಾಣೆಗೆ ಕಡಲೆಮಿಠಾಯಿ 😍

ಕಿರಣ: ರಮೇಶಣ್ಣ, ವಿಷಯ ತಿರುಗಿಸಬೇಡ. ಈಗ ಗೇಟಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿ ಮಾರಬಾರದು ಅಂತ 2020ರಲ್ಲೇ ನಿಯಮ ಬಂದಿದೆ. 51ನೇ ಮೀಟರಿಗೆ ಅಂಗಡಿ ಇದ್ರೆ ತಡೆಯೋರಿಲ್ಲ. ಅದಕ್ಕೇ ಪ್ಯಾಕೆಟ್ ಹಿಂದೆ ಓದೋದನ್ನ ಮಕ್ಕಳಿಗೆ ಕಲಿಸಿ. ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ನೋಡಿ 2.5ರಿಂದ ಗುಣಿಸಿದ್ರೆ ಉಪ್ಪು. 100 ಗ್ರಾಮಿಗೆ 1,200 ಅಂತಿದ್ರೆ, 70 ಗ್ರಾಂ ನೂಡಲ್ಸಲ್ಲಿ 840. ಅಂದ್ರೆ 2.1 ಗ್ರಾಂ ಉಪ್ಪು. ದೊಡ್ಡವರಿಗೇ ದಿನಕ್ಕೆ ಮಿತಿ 5 ಗ್ರಾಂ.

ಸುಧಾ ಅತ್ತೆ: ಹಂಗಾದ್ರೆ ಗೋಬಿ? ಅದು ತರಕಾರಿ ತಾನೇ?

ಚಿಕ್ಕಪ್ಪ (ಅಡುಗೆ ಕಂಟ್ರಾಕ್ಟ್): ಸುಧಾ, ಹೂಕೋಸು ತಪ್ಪು ಮಾಡಿಲ್ಲ. ಗೋಬಿಗೆ ರೋಡಮೈನ್-ಬಿ ಅನ್ನೋ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚಲ್ಲಿ ಸರ್ಕಾರವೇ ಹೇಳ್ತು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು. ಅರ್ಧ ಕೆಜಿ ಹೂಕೋಸಿಗೆ ಎಂಟು, ಬೀಜ ತೆಗೆದು 20 ನಿಮಿಷ ಬಿಸಿನೀರಲ್ಲಿ ನೆನೆಸಿ ರುಬ್ಬಿ ಹಿಟ್ಟಿಗೆ ಕಲಸಿ. ಕೋಸನ್ನ ಕುದಿಯೋ ಉಪ್ಪುನೀರಲ್ಲಿ 2 ನಿಮಿಷ ಬಿಟ್ಟು ತೆಗೆದು ಬಟ್ಟೆ ಮೇಲೆ ಪೂರ್ತಿ ಆರಿಸಿ, ಆಮೇಲೆ ಹಿಟ್ಟಲ್ಲಿ ಅದ್ದಿ ಕರೀರಿ. ಒದ್ದೆ ಕೋಸು ಬಾಣಲೆಗೆ ಬಿದ್ರೆ, ಇಲ್ಲಾ ಒಂದೇ ಸಲ ರಾಶಿ ಹಾಕಿದ್ರೆ ಎಣ್ಣೆ ತಣ್ಣಗಾಗುತ್ತೆ. ಹಿಟ್ಟು ಗರಿಯಾಗದೆ ಎಣ್ಣೆ ಕುಡಿಯುತ್ತೆ. ಗಾಡೀಲಿ ಆಗೋದೂ ಇದೇ, ಜೊತೆಗೆ ಕರಿದ ಎಣ್ಣೆಗೇ ಮತ್ತೆ ಮತ್ತೆ ಹೊಸದು ಸುರೀತಾರೆ.

ದೊಡ್ಡಪ್ಪ: ಕಿರಣ, ಕಳಿಸಿದವನನ್ನ ಕೇಳಿದೆ. ಅವನಿಗೂ ಮೂಲ ಗೊತ್ತಿಲ್ಲವಂತೆ. ಫಾರ್ವರ್ಡ್ ಅಳಿಸಿದ್ದೀನಿ. ಪುರೋಹಿತರ ವಿಷಯ ಮಾತ್ರ ನಾನು ಮರೆತಿಲ್ಲ.

ಶ್ವೇತಾ: ಮಂಜಣ್ಣ, ನಿಮ್ಮ ಪಕ್ಕದ ಪಿಯು ಕಾಲೇಜಲ್ಲಿ ಹಳ್ಳಿಯಿಂದ ಬರೋ ಮಕ್ಕಳು ಎಷ್ಟು? ಒಬ್ಬರಿಗೆ 30 ಗ್ರಾಂ ಹುರಿದ ಕಡಲೆಕಾಯಿ ಬೀಜ, ಒಂದು ಬಾಳೆಹಣ್ಣು. ವಾರಕ್ಕೆ ಎಷ್ಟು ಖರ್ಚಾಗುತ್ತೆ ಲೆಕ್ಕ ಹಾಕೋಣ.

ಮಂಜಣ್ಣ: ನಾಳೆ ಹಾಜರಿ ನೋಡಿ ಹೇಳ್ತೀನಮ್ಮ.