1978ರ ಚಿಕ್ಕಮಗಳೂರು ಉಪಚುನಾವಣೆ: ವೀರೇಂದ್ರ ಪಾಟೀಲರಿಗೆ ಗೆಲ್ಲುವ ದಾರಿಯಿತ್ತೇ?

ಪ್ರಶ್ನೆ: ಚಿಕ್ಕಮಗಳೂರಿನ ಓದುಗ

ನಮ್ಮ ಊರಿನಲ್ಲಿ 1978ರ ನವೆಂಬರ್ ತಿಂಗಳ ಲೋಕಸಭಾ ಉಪಚುನಾವಣೆಯ ಮಾತು ಬಂದಾಗಲೆಲ್ಲ ಇಂದಿರಾ ಗಾಂಧಿಯವರ ಗೆಲುವಿನ ಕಥೆಯೇ ಕೇಳಿಬರುತ್ತದೆ. ಜನತಾ ಪಕ್ಷದಿಂದ ನಿಂತು ಸೋತ ವೀರೇಂದ್ರ ಪಾಟೀಲರ ಹೆಸರು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದ ಹಿರಿಯರೊಬ್ಬರು ತಮ್ಮ ಕಲಬುರಗಿ ಸೀಮೆಯನ್ನು ಬಿಟ್ಟು ಮಲೆನಾಡಿಗೆ ಬಂದು ನಿಂತದ್ದು ನನಗೆ ಸಣ್ಣ ಸಂಗತಿಯೆನಿಸುವುದಿಲ್ಲ. ಆ ಸೋಲಿಗೆ ಅಭ್ಯರ್ಥಿ ಕಾರಣರೇ, ಕ್ಷೇತ್ರ ಕಾರಣವೇ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ಕಡೂರಿನ ನಿವೃತ್ತ ಅಧ್ಯಾಪಕ

ಕ್ಷೇತ್ರವೇ ಕಾರಣ. 1977ರಲ್ಲಿ ಇಂದಿರಾ ಅವರೇ ರಾಯ್‌ಬರೇಲಿಯಲ್ಲಿ ರಾಜ್‌ನಾರಾಯಣ್ ಅವರೆದುರು ಸೋತಾಗಲೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದಿದ್ದವು, ಮತ್ತು ಅವುಗಳಲ್ಲಿ ಡಿ.ಬಿ. ಚಂದ್ರೇಗೌಡರು ಗೆದ್ದ ಚಿಕ್ಕಮಗಳೂರೂ ಒಂದು. ಇಂದಿರಾ ಅವರಿಗಾಗಿ ಅವರು ರಾಜೀನಾಮೆ ಕೊಟ್ಟು ತೆರವು ಮಾಡಿದ ಸ್ಥಾನವಿದು. ಉಪಚುನಾವಣೆಗೆ ಕೆಲವೇ ತಿಂಗಳ ಹಿಂದೆ ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ 149, ಜನತಾ 59 ಸ್ಥಾನ ಪಡೆದಿದ್ದವು. ರಾಜ್ಯದಲ್ಲಿ ಇಂದಿರಾ ಕಾಂಗ್ರೆಸ್ಸಿನ ದೇವರಾಜ ಅರಸರ ಸರ್ಕಾರವಿತ್ತು. ಇಷ್ಟು ಗಟ್ಟಿಯಾದ ನೆಲದಲ್ಲಿ ಪಾಟೀಲರು 70,000ಕ್ಕೂ ಹೆಚ್ಚು ಮತಗಳಿಂದ ಸೋತದ್ದನ್ನು ಅವರ ವ್ಯಕ್ತಿತ್ವದ ಮೇಲಿನ ತೀರ್ಪೆಂದು ಓದುವುದು ನ್ಯಾಯವಲ್ಲ.

ಉತ್ತರ: ಹಾಸನದ ಓದುಗಿ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಪಕ್ಷದ ಬಲ ಎಂದಷ್ಟೇ ಹೇಳಿದರೆ ಸಾಲದು. 1974ರಲ್ಲಿ ಅರಸರ ಸರ್ಕಾರ ಜಾರಿಗೆ ತಂದ ಭೂಸುಧಾರಣೆಯಿಂದ ಗೇಣಿದಾರರು ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾಗುವ ಹಾದಿ ತೆರೆದಿತ್ತು. ಕಾಫಿ ತೋಟಗಳು ಆ ಕಾಯ್ದೆಯ ಹೊರಗಿದ್ದವಾದ್ದರಿಂದ ಅದರ ಫಲ ಮುಟ್ಟಿದ್ದು ಮುಖ್ಯವಾಗಿ ಗದ್ದೆ ಮಾಡುತ್ತಿದ್ದವರಿಗೆ. ಅಂಥವರೆದುರು ತುರ್ತುಪರಿಸ್ಥಿತಿಯ ತಪ್ಪುಗಳನ್ನು ಎಷ್ಟು ಹೇಳಿದರೂ ಅವರ ಕಣ್ಣ ಮುಂದಿದ್ದದ್ದು ಜಮೀನು. ಪಾಟೀಲರ ಪಕ್ಷ ತಂದ ವಾದ ಸುಳ್ಳಾಗಿರಲಿಲ್ಲ, ಆದರೆ ಕೇಳುವವರ ಬದುಕಿಗೆ ಅದು ತಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಹೊರಗಿನವರು’ ಎಂಬ ಮಾತೂ ನಡೆಯುವಂತಿರಲಿಲ್ಲ, ಏಕೆಂದರೆ ಇಬ್ಬರೂ ಈ ಜಿಲ್ಲೆಗೆ ಹೊರಗಿನವರೇ.

ಪ್ರಶ್ನೆ ಕೇಳಿದವರು:

ಗದ್ದೆ ಮತ್ತು ತೋಟದ ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ, ವಂದನೆಗಳು. ಸೋತ ಮೇಲೆ ಪಾಟೀಲರ ರಾಜಕೀಯ ಏನಾಯಿತು ಸರ್?

ಉತ್ತರ: ಕಡೂರಿನ ನಿವೃತ್ತ ಅಧ್ಯಾಪಕ

ಇಲ್ಲಿಂದ ಗೆದ್ದವರ ಸದಸ್ಯತ್ವವೇ ಮೊದಲು ಹೋಯಿತು: ಹಕ್ಕುಚ್ಯುತಿಯ, ಅಂದರೆ ಸದನದ ವಿಶೇಷ ಹಕ್ಕುಗಳಿಗೆ ಧಕ್ಕೆ ತಂದ, ಆರೋಪದ ಮೇಲೆ 1978ರ ಡಿಸೆಂಬರಿನಲ್ಲಿ ಲೋಕಸಭೆ ಇಂದಿರಾ ಅವರನ್ನು ಉಚ್ಚಾಟಿಸಿತು. ಪಾಟೀಲರು ಮುಂದೆ ಅವರ ಕಾಂಗ್ರೆಸ್ಸಿಗೇ ಸೇರಿ, 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆಯ್ಕೆಯಾಗಿ, ಅವರದೇ ಸಂಪುಟದಲ್ಲಿ ಮಂತ್ರಿಯಾದರು. 1989ರಲ್ಲಿ ಮತ್ತೆ ಮುಖ್ಯಮಂತ್ರಿಯೂ ಆದರು. ಈ ಪಕ್ಷಾಂತರವನ್ನು ನಾನು ಪೂರ್ತಿ ಒಪ್ಪಿದವನಲ್ಲ. ಆದರೂ ಗೆಲುವು ಕಷ್ಟವೆಂದು ಗೊತ್ತಿದ್ದೇ ನಾಮಪತ್ರ ಹಾಕಿದ ಆ ನವೆಂಬರಿನ ಪಾಟೀಲರ ಬಗ್ಗೆ ನನ್ನ ಗೌರವ ಕಡಿಮೆಯಾಗಿಲ್ಲ. ನಿಮ್ಮ ಕಡೆಯ ಹಳ್ಳಿಗಳಲ್ಲಿ ಅವರ ಪರವಾಗಿ ಮತ ಕೇಳಿದ ಹಿರಿಯರು ಇನ್ನೂ ಇದ್ದರೆ, ಅವರನ್ನು ಕಂಡು ಮಾತನಾಡಿಸಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.