ಎಂಟು ತಿಂಗಳ ನಾಯಿ ದಿಢೀರ್ ಊಟ ಬಿಟ್ಟಿದೆ, ಅನುಭವ ಇದ್ದವರು ಹೇಳಿ

ಸಾಗರದ ಕಡೆಯಿಂದ ಕೇಳ್ತಿದೀನಿ. ನಮ್ಮನೆ ನಾಯಿಗೆ ಎಂಟು ತಿಂಗಳು, ಗಂಡು, ನಾಟಿ. ಮೊಸರನ್ನ ಅಂದ್ರೆ ಪ್ರಾಣ ಬಿಡೋನು, ನಿನ್ನೆ ಬೆಳಿಗ್ಗೆಯಿಂದ ತಟ್ಟೆ ಮೂಸಿ ಹಾಗೇ ವಾಪಸ್ ಹೋಗ್ತಾನೆ. ಕೋಳಿ ಸಾರು ಕಲಸಿ ಹಾಕಿದ್ರೂ ಅಷ್ಟೇ. ನೀರು ಕುಡೀತಾನೆ. ವಾಂತಿ, ಭೇದಿ ಇಲ್ಲ. ಇಂಜೆಕ್ಷನ್ ಎಲ್ಲಾ ಆಗಿದೆ. ದಿನವಿಡೀ ಅಡಿಕೆ ತೋಟದಲ್ಲೇ ಇರ್ತಾನೆ. ಮನೇಲಿ ದೊಡ್ಡವರು, ನಾಯಿಗಳು ಒಂದೆರಡು ದಿನ ಉಪವಾಸ ಮಾಡ್ತವೆ, ಹುಲ್ಲು ತಿಂದು ಸರಿ ಹೋಗ್ತವೆ ಅಂತಾರೆ. ಕಾಯಬಹುದಾ?

ತೀರ್ಥಹಳ್ಳಿಯಿಂದ:
ತಟ್ಟೆ ನೋಡಿ ಏನೂ ಹೇಳಕ್ಕಾಗಲ್ಲ, ನಾಯಿ ನೋಡಿ ಹೇಳ್ಬೇಕು. ಒಂದು ಹೊತ್ತು ಊಟ ಬಿಟ್ಟಿದೆ, ಆದ್ರೆ ಗೇಟ್ ಸದ್ದಾದ ಕೂಡ್ಲೇ ಓಡಿ ಬರುತ್ತೆ ಅಂದ್ರೆ ಇನ್ನೊಂದು ಹೊತ್ತು ನೋಡಬಹುದು. ಬೆಳೆಯೋ ವಯಸ್ಸಿನ ನಾಯಿ ಒಂದಿಡೀ ದಿನ ಊಟ ಮುಟ್ಟಿಲ್ಲ ಅಂದ್ರೆ ನಾನಂತೂ ಕಾಯಲ್ಲ. ಎರಡು ಮೂರು ತಿಂಗಳ ಮರಿಯಾದ್ರೆ ಅರ್ಧ ದಿನವೂ ಕಾಯಬಾರದು. ಅಷ್ಟು ಚಿಕ್ಕವಕ್ಕೆ ರಕ್ತದಲ್ಲಿ ಸಕ್ಕರೆ ಅಂಶ ಬೇಗ ಇಳಿದು ಸುಸ್ತಾಗಿ ಮಲಗಿಬಿಡ್ತವೆ.

ಮಲೆನಾಡಲ್ಲಿ ತೋಟ ಸುತ್ತೋ ನಾಯಿ ಊಟ ಬಿಟ್ರೆ ನನ್ನ ಕೈ ಮೊದಲು ಹೋಗೋದು ಕಿವಿಗೆ. ಕಿವಿ ಮಡಚಿ ಒಳಗೆ ಉಣುಗು (ಉಣ್ಣೆ) ಕಚ್ಚಿಕೊಂಡಿದೆಯಾ ನೋಡಿ. ಕಾಲ್ಬೆರಳ ಸಂದಿ, ಕಂಕುಳು, ಬೆಲ್ಟಿನ ಅಡಿ, ಬಾಲದ ಬುಡವನ್ನೂ ನೋಡಿ. ರಕ್ತ ಕುಡಿದ ಉಣುಗು ಬೂದು ಬಣ್ಣಕ್ಕೆ ತಿರುಗಿ ಉಬ್ಬಿರುತ್ತೆ, ಕಣ್ಣಿಗೆ ಬೀಳುತ್ತೆ. ಇನ್ನೂ ಕುಡಿಯದೇ ಇರೋದು ಕಂದು, ಚಪ್ಪಟೆ. ಕೂದಲೊಳಗೆ ನಿಧಾನಕ್ಕೆ ಬೆರಳಾಡಿಸಿದ್ರಷ್ಟೇ ಸಿಗುತ್ತೆ. ಒಂದೂ ಸಿಗಲಿಲ್ಲ ಅಂತ ನಿಶ್ಚಿಂತೆಯಾಗಬೇಡಿ. ಕಚ್ಚಿದ ಮೇಲೆ ಜ್ವರ ಬರೋಕೆ ಒಂದರಿಂದ ಮೂರು ವಾರ ಹಿಡಿಯುತ್ತೆ, ಅಷ್ಟೊತ್ತಿಗೆ ಉಣುಗು ಉದುರಿ ಹೋಗಿರುತ್ತೆ.

ಆಮೇಲೆ ತುಟಿ ಎತ್ತಿ ವಸಡು ನೋಡಿ. ಆರೋಗ್ಯವಾಗಿರೋ ನಾಯಿಗೆ ಅದು ಗುಲಾಬಿ ಬಣ್ಣ, ಮುಟ್ಟಿದ್ರೆ ಒದ್ದೆ. ಬೆರಳಲ್ಲಿ ಒತ್ತಿ ಬಿಟ್ರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಬಣ್ಣ ತಿರುಗಿ ಬರಬೇಕು. ಕೆಲವು ನಾಟಿ ನಾಯಿಗಳಿಗೆ ವಸಡೇ ಕಪ್ಪು. ಅಂಥದ್ದಾದ್ರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಬಿಳಚಿಕೊಂಡಿದ್ರೆ ರಕ್ತ ಕಮ್ಮಿಯಾಗಿರಬಹುದು. ಹಳದಿಯಾಗಿದ್ರೆ ಕಾಮಾಲೆ, ಮಳೆಗಾಲದಲ್ಲಿ ಇಲಿ ಮೂತ್ರ ಬೆರೆತ ನೀರಿಂದ ಬರೋ ಲೆಪ್ಟೊಸ್ಪೈರೋಸಿಸ್ ಇರಬಹುದು, ಅದು ಮನುಷ್ಯರಿಗೂ ಅಂಟುತ್ತೆ. ಎರಡರಲ್ಲಿ ಯಾವುದಿದ್ರೂ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಮೂಗು ಬಿಸಿ ಇದೆಯಾ, ಒಣಗಿದೆಯಾ ಅಂತ ನೋಡಿ ಜ್ವರ ಗೊತ್ತಾಗಲ್ಲ. ಡಿಜಿಟಲ್ ಥರ್ಮಾಮೀಟರ್ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಿ. ಒಬ್ಬರು ತಲೆ ಹಿಡಿದು ಮಾತಾಡಿಸ್ತಾ ಇರಲಿ. ನಾಯಿಗೆ 101ರಿಂದ 102.5 ಡಿಗ್ರಿ ಮಾಮೂಲು.

ಹಾಸನದಿಂದ, ಪಶುಸಂಗೋಪನೆ ಇಲಾಖೆಯಲ್ಲಿದ್ದು ನಿವೃತ್ತನಾದವನು:
ಬಾಯಿಗೆ ಕೈ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನಾಯಿಗೆ ತಿನ್ನಲು ಆಸೆ ಇದ್ದೂ ನುಂಗಲಾಗುತ್ತಿಲ್ಲವೇ, ಜೊಲ್ಲು ಸುರಿಯುತ್ತಿದೆಯೇ, ಕೆಳದವಡೆ ಜೋತುಬಿದ್ದಿದೆಯೇ, ಬೊಗಳುವ ದನಿ ಬದಲಾಗಿದೆಯೇ, ಸ್ವಭಾವ ಬೇರೆಯಾಗಿದೆಯೇ? ಇವುಗಳಲ್ಲಿ ಒಂದಿದ್ದರೂ ಬಾಯಿ ತೆರೆಯಬೇಡಿ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದುಕೊಂಡು ಬರಿಗೈ ಹಾಕಿ ರೇಬಿಸ್ ಅಪಾಯಕ್ಕೆ ಸಿಲುಕಿದವರಿದ್ದಾರೆ. ಜೊಲ್ಲು ತಾಗಿದ್ದರೆ ಆ ಜಾಗವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ನೇರವಾಗಿ ಆಸ್ಪತ್ರೆಗೆ ಹೋಗಿ. ನಿಮ್ಮ ನಾಯಿಗೆ ಲಸಿಕೆ ಆಗಿದೆ ಎಂದಿದ್ದೀರಿ, ರೇಬಿಸ್ ಲಸಿಕೆಯೂ ಅದರಲ್ಲಿ ಸೇರಿದೆಯೇ ಎಂದು ಕಾರ್ಡಿನಲ್ಲಿ ನೋಡಿಕೊಳ್ಳಿ.

ಕೇಳಿದವರು:
ಕಾರ್ಡ್ ನೋಡಿದೆ, ರೇಬಿಸ್ ಆಗಿದೆ. ಜೊಲ್ಲು ಇಲ್ಲ, ದನಿ ಹಾಗೇ ಇದೆ. ಜ್ವರ 104 ದಾಟಿದೆ. ಕಿವಿಯೊಳಗೆ ಉಣುಗು ಸಿಕ್ತು, ವಸಡು ಸ್ವಲ್ಪ ಬಿಳಿ ಅನಿಸ್ತಿದೆ. ಮೆಡಿಕಲ್ ಶಾಪಿನವರು ಮಾತ್ರೆ ಇದೆ, ಕೊಡ್ತೀನಿ ಅಂತಿದ್ದಾರೆ.

ತೀರ್ಥಹಳ್ಳಿಯಿಂದ:
ಅಂಗಡಿ ಮಾತ್ರೆ ಬೇಡ. ಈಗಲೇ ಹೊರಡಿ. ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸಿ, ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಕ್ಕಾಗುತ್ತಾ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಯಾಕಂದ್ರೆ ಉಣುಗು ಜ್ವರ ಅಂತ ನಾವು ಒಂದೇ ಹೆಸರಲ್ಲಿ ಕರೆದ್ರೂ ಒಳಗೆ ಬೇರೆ ಬೇರೆ ಕಾಯಿಲೆ ಇವೆ. ಎರ್ಲಿಕಿಯಾದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ, ಹೊಟ್ಟೆ ಚರ್ಮದ ಮೇಲೆ ನೇರಳೆ ಚುಕ್ಕೆ ಬರಬಹುದು, ಮೂಗಲ್ಲಿ ರಕ್ತ ಬರಬಹುದು. ಅದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡ್ತಾರೆ, ಸುಮಾರು ನಾಲ್ಕು ವಾರ. ಬೆಬೀಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು, ಅದಕ್ಕೆ ಔಷಧಿಯೇ ಬೇರೆ. ಒಂದೇ ನಾಯಿಗೆ ಎರಡೂ ಇರೋದುಂಟು. ಮಾತ್ರೆ ತಿಂದು ಎರಡು ದಿನಕ್ಕೆ ಊಟ ಶುರು ಮಾಡಿತು ಅಂತ ಕೋರ್ಸ್ ನಿಲ್ಲಿಸಿದ್ರೆ ಕಾಯಿಲೆ ಒಳಗೇ ಉಳ್ಕೊಂಡು ಮತ್ತೆ ಏಳುತ್ತೆ.

ನಮ್ಮ ಜ್ವರದ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ, ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಇಲ್ಲದಿದ್ರೆ ಶಿವಮೊಗ್ಗದ ವೆಟರ್ನರಿ ಕಾಲೇಜಿದೆ.

ಬೆಂಗಳೂರಿಂದ:
ಅವರದ್ದು ಜ್ವರ ಅಂತ ಗೊತ್ತಾಯ್ತು. ಮುಂದೆ ಇದನ್ನು ಓದೋರಿಗೆ ಬೇಕಾಗುತ್ತೆ ಅಂತ ನಮ್ಮ ಲ್ಯಾಬ್ರಡಾರ್ ನಾಯಿ ವಿಷಯ ಹೇಳ್ತೀನಿ. ವರ್ಷ ತುಂಬಿರಲಿಲ್ಲ, ಮಾವಿನ ಹಣ್ಣಿನ ಕಾಲ. ಜ್ವರ ಇಲ್ಲ, ಆದ್ರೆ ಊಟ ಬಿಟ್ಟ. ನೀರು ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ. ಮುಂಗಾಲು ನೆಲಕ್ಕೆ ಚಾಚಿ, ಎದೆ ಊರಿ, ಹಿಂಭಾಗ ಮಾತ್ರ ಎತ್ತಿಕೊಂಡು ನಿಲ್ತಿದ್ದ. ಆಟಕ್ಕೆ ಕರೀತಾ ನಿಂತ ಹಾಗೇ ಕಾಣ್ತಿತ್ತು, ಆದ್ರೆ ಅದು ಹೊಟ್ಟೆನೋವಿನ ಲಕ್ಷಣ ಅಂತ ಡಾಕ್ಟರ್ ಹೇಳಿದ್ರು. ಎಕ್ಸ್‌ರೇನಲ್ಲಿ ಸ್ಪಷ್ಟ ಕಾಣಲಿಲ್ಲ, ಗೊರಟೆ, ಬಟ್ಟೆ ಇಂಥವು ಕಲ್ಲು ಎಲುಬಿನ ಹಾಗೆ ಎದ್ದು ಕಾಣಲ್ಲವಂತೆ. ಅಲ್ಟ್ರಾಸೌಂಡಲ್ಲಿ ಗೊತ್ತಾಯ್ತು, ಕರುಳಲ್ಲಿ ಗೊರಟೆ ಸಿಕ್ಕಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದ್ರು, ಈಗ ಚೆನ್ನಾಗಿದ್ದಾನೆ. ಮೆಕ್ಕೆಜೋಳದ ದಿಂಡು, ಕಾಲುಚೀಲ, ಮಕ್ಕಳ ಬಾಲು ಎಲ್ಲದರಿಂದಲೂ ಇದೇ ಆಗುತ್ತೆ. ಮನೇಲಿ ಏನಾದ್ರೂ ಕಾಣೆಯಾಗಿದ್ರೆ ಮರೀದೆ ಡಾಕ್ಟರಿಗೆ ಹೇಳಿ.

ಧಾರವಾಡದಿಂದ:
ಗಂಡು ನಾಯಿ, ಎಂಟ ತಿಂಗಳ ಅಂದ್ರಿ. ಓಣ್ಯಾಗ ಯಾವುದರ ಹೆಣ್ಣನಾಯಿ ಬೆದಿಗೆ ಬಂದ್ರ ನಮ್ಮ ಮುಧೋಳ ನಾಯಿ ಊಟಾನ ಮರತಬಿಡ್ತದ. ಬಾಗಲಾ ಕೆರೀತದ, ರಾತ್ರಿ ಎಲ್ಲಾ ಒದರತದ. ಆದ್ರ ಜ್ವರ ಇರಂಗಿಲ್ಲ, ಮೈಯಾಗ ಚುರುಕ ಇರ್ತದ. ಫರಕ್ ಅಲ್ಲೇ ತಿಳೀತದ.

ಹಾಸನದಿಂದ:
ಐದಾರು ತಿಂಗಳೊಳಗಿನ ಮರಿ ಸಾಕಿದವರಿಗೆ ಇನ್ನೊಂದು ವಿಷಯ. ಊಟ ಬಿಟ್ಟು, ವಾಂತಿ ಮಾಡಿ, ಕೆಟ್ಟ ವಾಸನೆಯ ರಕ್ತಭೇದಿ ಶುರುವಾದರೆ ಪಾರ್ವೋ ಎಂಬ ವೈರಸ್ ಕಾಯಿಲೆ ಇರಬಹುದು, ಲಸಿಕೆ ಪೂರ್ತಿ ಆಗದ ಮರಿಗಳಲ್ಲಿ ಹೆಚ್ಚು. ಅಲ್ಲಿ ಒಂದೊಂದು ಗಂಟೆಯೂ ಮುಖ್ಯ, ಡ್ರಿಪ್ ಹಾಕಿಸಲೇಬೇಕು. ಲಸಿಕೆ ಹಾಕಿಸಿದ ದಿನ ಸ್ವಲ್ಪ ಮಂಕಾಗಿ ಊಟ ಕಡಿಮೆ ಮಾಡಿದರೆ ಗಾಬರಿ ಬೇಡ, ಮಾರನೇ ದಿನಕ್ಕೆ ಸರಿಯಾಗುತ್ತದೆ.

ಸಾಗರದವರೇ, ಆಸ್ಪತ್ರೆಗೆ ಹೋಗುವಾಗ ಲಸಿಕೆ ಕಾರ್ಡು, ಜಂತುಹುಳದ ಔಷಧ ಕೊಟ್ಟ ತಾರೀಖು, ಕೊನೆಯ ಊಟ ಯಾವಾಗ ಎಂಬುದನ್ನು ಬರೆದುಕೊಂಡು ಹೋಗಿ. ಮೂತ್ರದ ಬಣ್ಣ ಗಮನಿಸಿ ಹೇಳಿ. ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ.

ಕೇಳಿದವರು:
ಆಸ್ಪತ್ರೆಯಿಂದ ಬಂದ್ವಿ. ಎರ್ಲಿಕಿಯಾ ಅಂದ್ರು, ಡ್ರಿಪ್ ಹಾಕಿ ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದಾರೆ. ಮೊಸರನ್ನದಲ್ಲಿ ಇಟ್ಟು ಕೊಡಬಹುದಾ?

ತೀರ್ಥಹಳ್ಳಿಯಿಂದ:
ಮಾತ್ರೆ ಜೊತೆ ಮೊಸರು, ಹಾಲು ಬೇಡ, ಔಷಧಿ ಮೈಗೆ ಹತ್ತೋದು ಕಮ್ಮಿಯಾಗುತ್ತೆ. ಖಾಲಿ ಹೊಟ್ಟೇಲೂ ಬೇಡ, ವಾಂತಿಯಾಗುತ್ತೆ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಎಲುಬು ತೆಗೆದು, ಮೆತ್ತಗಿನ ಅನ್ನಕ್ಕೆ ಕಲಸಿ ಉಗುರುಬೆಚ್ಚಗೆ ಮಾಡಿ. ಬೆಚ್ಚಗಿದ್ರೆ ವಾಸನೆ ಬರುತ್ತೆ, ವಾಸನೆಗೆ ತಿಂತಾನೆ. ನಾಲ್ಕು ತುತ್ತು ತಿಂದ ಮೇಲೆ ಕೋಳಿ ಚೂರಿನೊಳಗೆ ಮಾತ್ರೆ, ಹಿಂದೆಯೇ ನೀರು, ಮಾತ್ರೆ ಗಂಟಲಲ್ಲಿ ನಿಂತ್ರೆ ಸುಡುತ್ತೆ. ಬಾಯಿ ಹಿಡಿದು ಗಂಜಿ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗುತ್ತೆ. ಮೊಸರನ್ನವನ್ನ ಮಾತ್ರೆ ಕೊಟ್ಟ ಎರಡು ಮೂರು ಗಂಟೆ ಬಿಟ್ಟು ಹಾಕಿ. ಮಲಗೋ ಗೋಣಿಚೀಲ ಸುಟ್ಟುಬಿಡಿ, ಗೋಡೆ ಬಿರುಕಲ್ಲಿ ಉಣುಗು ಮೊಟ್ಟೆ ಇಟ್ಟಿರುತ್ತೆ, ಅದಕ್ಕೂ ಔಷಧಿ ಕೇಳಿಕೊಂಡು ಬನ್ನಿ. ಪ್ಲೇಟ್‌ಲೆಟ್ ಮತ್ತೆ ಯಾವಾಗ ನೋಡಿಸ್ಬೇಕು ಅಂದ್ರು?